ಹುಲ್ಲಿಗೊಂದು ತಂಡ, ಟರ್ಫಿಗೊಂದು ತಂಡ

ಟೆಸ್ಟಿಗೊಂದು, ಒಂಡೇಗೊಂದು, ಟಿ20ಗೊಂದು ಸಾರ್ವಕಾಲಿಕ ತಂಡ ಕಟ್ಟೋದು ಕ್ರಿಕೆಟ್ ಹುಚ್ಚರ ಹಳೇ ಚಾಳಿ. ಪಾಲಿಬೆಟ್ಟದಲ್ಲಿ ಈ ಚರ್ಚೆ ಶುರುವಾದರೆ ರಾಬಿನ್ ಉತ್ತಪ್ಪನ ಹೆಸರು ಬಂದುಹೋದ ಮೇಲೆ ಮಾತು ಹಾಕಿಗೆ ತಿರುಗಲೇಬೇಕು. ಇದು ಕೊಡಗು ಸ್ವಾಮಿ!

ಹಾಕಿಗೂ ಫಾರ್ಮ್ಯಾಟ್ ಇದೆ ಅನ್ನೋದು ನನ್ನ ವಾದ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಕೃತಕ ಟರ್ಫ್ ಬಂತು. ದೊಡ್ಡ ಪಂದ್ಯಗಳಿಂದ ಹುಲ್ಲು ನಿಧಾನವಾಗಿ ಮಾಯವಾಯ್ತು. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕ ಎಂ.ಪಿ. ಗಣೇಶ್, 1975ರಲ್ಲಿ ಕಪ್ಪನ್ನೇ ತಂದ ತಂಡದ ಬಿ.ಪಿ. ಗೋವಿಂದ ಇಬ್ಬರೂ ಹುಲ್ಲಿನವರು. ಎಲ್ಲಿ ಪುಟಿಯುತ್ತೋ ಗೊತ್ತಾಗದ ಚೆಂಡನ್ನು ಕೋಲಿಗೆ ಅಂಟಿಸಿಕೊಂಡೇ ಓಡಬೇಕಿತ್ತು. ವಿ.ಆರ್. ರಘುನಾಥ್ ಅವರ ಡ್ರ್ಯಾಗ್ ಫ್ಲಿಕ್, ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರ ಓಟ ನುಣುಪು ಟರ್ಫಿನ ಕೊಡುಗೆ. ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಿದರೆ ಅನ್ಯಾಯ ಹಳಬರಿಗೇ. ಅವರ ಆಟದ ವಿಡಿಯೋ ಸಿಗೋದೇ ಅಪರೂಪ, ಹೊಸಬರದ್ದು ಮೊಬೈಲಿನಲ್ಲೇ ಇದೆ.

ಅದಕ್ಕೇ ಎರಡು ತಂಡ. ಟರ್ಫಿನ ಗೋಲಿಗೆ ಎ.ಬಿ. ಸುಬ್ಬಯ್ಯ, ಚರ್ಚೆಯೇ ಇಲ್ಲ. ಎರಡರಲ್ಲೂ ನಾನು ಬರೆಯೋದು ಒಂದೇ ಹೆಸರು: ಎಂ.ಎಂ. ಸೋಮಯ್ಯ. ಹುಲ್ಲಿನ ಕಾಲದಲ್ಲಿ ಆಟ ಕಲಿತು, 1980ರಲ್ಲಿ ಮಾಸ್ಕೋದ ಟರ್ಫಿನ ಮೇಲೆ ಚಿನ್ನ ಗೆದ್ದು, 1988ರ ಸಿಯೋಲ್‌ಗೆ ನಾಯಕರಾಗಿ ಹೋದವರು.