ಡಬ್ಬಿ ಅಕ್ಷರದ ಕಾಲ

ಕನ್ನಡದಲ್ಲಿ ಬ್ಲಾಗು ಶುರು ಮಾಡಿದವರಿಗೆ ಆಗೆಲ್ಲ ಬರುತ್ತಿದ್ದ ಮೊದಲ ಪ್ರತಿಕ್ರಿಯೆ ನೆನಪಿದೆಯಾ? "ಚೆನ್ನಾಗಿದೆ" ಅಂತಲ್ಲ. "ಬರೀ ಡಬ್ಬಿ ಡಬ್ಬಿ ಕಾಣ್ತಾವಲ್ಲಪ್ಪ, ಏನ್ ಬರ್ದೀಯ ಇದ್ರಾಗೆ?" ಅಂತ! ಹರಿಹರದ ಸೈಬರ್ ಕೆಫೆಯಲ್ಲಿ ಕೂತ ಗೆಳೆಯ ಹೀಗೆ ಕೇಳಿದರೆ ನನ್ನ ಮರುಪ್ರಶ್ನೆಯೂ ಸಿದ್ಧವಿರುತ್ತಿತ್ತು: "ಅಲ್ಲಿ ಆಪರೇಟಿಂಗ್ ಸಿಸ್ಟಮ್ಮು ಯಾವ್ದೈತಿ?" ಬೇರೆಯವರು ವೇಗ, ವೈರಸ್ಸು, ಬೆಲೆ ನೋಡಿ ಅದನ್ನು ಆರಿಸುತ್ತಿದ್ದರೇನೋ. ನಮಗೆ ಮೊದಲು ಅಕ್ಷರ ಮೂಡಬೇಕಿತ್ತು. ಆ ಇತಿಹಾಸವನ್ನು ಒಮ್ಮೆ ಬರೆದಿಡೋಣ ಅನ್ನಿಸಿತು.

ಯೂನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. ಆದರೆ ಜಾಗ ಇದ್ದರೆ ಸಾಕೆ? 'ಸ್ತ್ರೀ' ಅನ್ನೋ ಒಂದು ಅಕ್ಷರದ ಹಿಂದೆ 6 ಸಂಕೇತಗಳಿವೆ. ಅವನ್ನು ಜೋಡಿಸಿ, ಒತ್ತನ್ನು ಕೆಳಗಿಟ್ಟು ತೋರಿಸುವ ಕೆಲಸ ಆಪರೇಟಿಂಗ್ ಸಿಸ್ಟಮ್ಮಿನದು. ವಿಂಡೋಸ್ 95, 98ಕ್ಕೆ ಆ ವಿದ್ಯೆ ಗೊತ್ತಿರಲಿಲ್ಲ. ವಿಂಡೋಸ್ 2000 ಬಂದಾಗ ದೇವನಾಗರಿ ಮತ್ತು ತಮಿಳು ಒಳಗೆ ಹೋದವು, ಕನ್ನಡ ಬಾಗಿಲಲ್ಲೇ ನಿಂತಿತು. ನಮ್ಮ ಸರದಿ ಬಂದದ್ದು 2001ರ ಎಕ್ಸ್‌ಪಿಯಲ್ಲಿ, 'ತುಂಗಾ' ಫಾಂಟಿನ ಜೊತೆಗೆ. ಹರಿಹರದ ಹೊಳೆಯ ಅರ್ಧ ಹೆಸರು :) ಅದೂ ತಾನಾಗಿ ಅಲ್ಲ. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ಒಂದು ಕಡೆ ಟಿಕ್ ಮಾಡಿ, ಎಕ್ಸ್‌ಪಿಯ ಸಿಡಿ ಹಾಕಬೇಕಿತ್ತು. ಅಸೆಂಬಲ್ ಮಾಡಿಸಿದ ಕಂಪ್ಯೂಟರು ಕೊಂಡವರ ಮನೆಯಲ್ಲಿ ಆ ಸಿಡಿ ಎಲ್ಲಿಂದ ಬರಬೇಕು? ಆಪಲ್‌ನ ಮ್ಯಾಕ್ ಕೊಂಡವರಂತೂ ಕನ್ನಡದ ಫಾಂಟು ಜೊತೆಗೇ ಬರಲು 2011ರವರೆಗೆ ಕಾಯಬೇಕಾಯಿತು.

ಅಲ್ಲಿಯವರೆಗೆ ಕನ್ನಡಿಗರು ಕೈಕಟ್ಟಿ ಕೂತಿರಲಿಲ್ಲ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲೇ ಬಂದಿತ್ತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ', ಅದರಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ಆ ಕಾಲದ ಫಾಂಟುಗಳ ಉಪಾಯ ಮೆಚ್ಚುವಂಥದ್ದು. ಇಂಗ್ಲಿಷ್ ಅಕ್ಷರದ ಸಂಕೇತಕ್ಕೇ ಕನ್ನಡದ ಅಂಗಿ ತೊಡಿಸುವುದು! ಕಂಪ್ಯೂಟರಿಗೆ ಕನ್ನಡ ಬಾರದಿದ್ದರೂ ಕೆಲಸ ನಡೆಯುತ್ತಿತ್ತು. ಎಕ್ಸ್‌ಪಿ ಬಂದ ಮೇಲೂ ಡಿಟಿಪಿ ಅಂಗಡಿಗಳು ಇದನ್ನು ಬಿಡಲಿಲ್ಲ. ಕಾರಣ ಸರಳ. ಲಗ್ನಪತ್ರಿಕೆಯಿಂದ ಪುಸ್ತಕದವರೆಗೆ ಎಲ್ಲ ನಡೆಯುತ್ತಿದ್ದದ್ದು ಪೇಜ್‌ಮೇಕರಿನಲ್ಲಿ. ಅದರ ಕೊನೆಯ ಆವೃತ್ತಿ 2001ರ 7.0. ಯೂನಿಕೋಡ್ ಕನ್ನಡ ಅದಕ್ಕೆ ಬರುತ್ತಲೇ ಇರಲಿಲ್ಲ. ಕೆಳಗಿನ ಸಿಸ್ಟಮ್ಮು ಕನ್ನಡ ಕಲಿತರೂ ಮೇಲಿನ ತಂತ್ರಾಂಶ ಕಲಿಯಲಿಲ್ಲ.

ಇದರ ಬೆಲೆ ಏನು ಅಂತ ನಮ್ಮ ಮನೆಯಲ್ಲೇ ತಿಳಿಯಿತು. ದೊಡ್ಡಪ್ಪ ಭಾನುವಳ್ಳಿಯ ಬಗ್ಗೆ ಒಂದು ನೋಟ್‌ಬುಕ್ಕು ತುಂಬ ಬರೆದಿದ್ದರು. ಯಾವ ಮನೆತನ ಎಲ್ಲಿಂದ ಬಂತು, ಚಾನಲ್ ನೀರು ಬರುವ ಮುಂಚೆ ಏನು ಬೆಳೀತಿದ್ದರು, ಜಾತ್ರೆಯಲ್ಲಿ ಯಾರ ಹಕ್ಕು ಏನು, ಹೀಗೆ. 2003ರಲ್ಲಿ ಅದನ್ನು ಟೈಪ್ ಮಾಡಿಸಿ ಸಿಡಿಗೆ ಹಾಕಿಸಿದ್ದರು. ಅವರು ಹೋದ ಮೇಲೆ ನೋಟ್‌ಬುಕ್ಕು ಗೆದ್ದಲಿಗಾಯಿತು. ಸಿಡಿ ತೆರೆದರೆ ಪುಟದ ತುಂಬ ಕೊಂಬು ಚುಕ್ಕಿಗಳ ಇಂಗ್ಲಿಷ್ ಅಕ್ಷರ, ಒಂದಕ್ಕೂ ಅರ್ಥವಿಲ್ಲ. ಪರಿವರ್ತಕ ತಂತ್ರಾಂಶಕ್ಕೆ ಕೊಟ್ಟಾಗ ಬಹುಪಾಲು ಕನ್ನಡವಾಯಿತು. ಅರ್ಕಾವೊತ್ತು ಮಾತ್ರ ಅಲ್ಲಲ್ಲಿ ಜಾಗ ತಪ್ಪಿತು. ಉಳಿದಿದ್ದ ಒಂದು ಪ್ರಿಂಟಿನ ಜೊತೆ ಸಾಲು ಸಾಲು ಹೋಲಿಸಿ ತಿದ್ದಿದೆ. ಆ ಪ್ರಿಂಟಿನಲ್ಲೂ ಒಂದು ಹಾಳೆ ಇಲ್ಲ. ಅದರಲ್ಲಿದ್ದ ಎರಡು ಮನೆತನದ ಹೆಸರು ಸರಿಯಾಗಿ ಓದಲು ಬಂದಿಲ್ಲ, ಈಗ ಕೇಳೋಣವೆಂದರೆ ಹೇಳುವವರೂ ಇಲ್ಲ.

ಹಾಗಾದರೆ ಪರ್ಯಾಯ ಇರಲಿಲ್ಲವೇ? ಇತ್ತು, ಲಿನಕ್ಸು. 2004ರ ಅಕ್ಟೋಬರಿನಲ್ಲಿ ಉಬುಂಟು ಬಂತು. ಕೇಳಿದರೆ ಸಿಡಿಯನ್ನು ಪುಕ್ಕಟೆ ಅಂಚೆಯಲ್ಲಿ ಕಳಿಸುತ್ತಿದ್ದರು, ಅದು 2011ರವರೆಗೂ ನಡೆಯಿತು. ಕೇದಗೆ, ಮಲ್ಲಿಗೆ ಫಾಂಟುಗಳನ್ನು ಯಾರು ಬೇಕಾದರೂ ಹಂಚಬಹುದಿತ್ತು, ತಿದ್ದಬಹುದಿತ್ತು. ಕೆ.ಪಿ. ರಾವ್ ವಿನ್ಯಾಸವೂ ಅಲ್ಲಿಗೆ ಬಂತು. ಕಿರಿಕಿರಿ ಅಲ್ಲೂ ಕಡಿಮೆ ಇರಲಿಲ್ಲ. ಡಯಲಪ್ ಮೋಡೆಮ್‌ಗಳು ಎಷ್ಟೋ ಸಲ ಮಾತೇ ಕೇಳುತ್ತಿರಲಿಲ್ಲ, ಎಂಪಿ3 ಹಾಡು ಕೇಳಲು ಬೇರೆ ಪೊಟ್ಟಣ ಹಾಕಿಕೊಳ್ಳಬೇಕು, ಪೇಜ್‌ಮೇಕರ್ ಬೇಕೆಂದವರಿಗೆ ದಾರಿಯೇ ಇಲ್ಲ. ಆದರೂ ಒಂದು ವ್ಯತ್ಯಾಸವಿತ್ತು. ನಮ್ಮ ಭಾಷೆಯ ಸರದಿ ಯಾವಾಗ ಅಂತ ಕಂಪನಿಯೊಂದರ ಬಾಗಿಲಲ್ಲಿ ಕಾಯಬೇಕಿರಲಿಲ್ಲ, ಬಲ್ಲವರು ಕೂತು ಮಾಡಿದರೆ ಆಗುತ್ತಿತ್ತು.

ಈಗ ಮತ್ತೆ ಆಯ್ಕೆಯ ಹೊತ್ತು ಬಂದಿದೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಭದ್ರತಾ ವ್ಯವಸ್ಥೆ ಬೇಕು, ಹಳೆಯ ಎಷ್ಟೋ ಯಂತ್ರಗಳಲ್ಲಿ ಅದಿಲ್ಲ. ಚೆನ್ನಾಗಿ ಓಡುವ ಕಂಪ್ಯೂಟರನ್ನು ಗುಜರಿಗೆ ಹಾಕುವ ಬದಲು ಲಿನಕ್ಸ್ ಹಾಕಿ ನೋಡಬಹುದು. ಕನ್ನಡ ಈಗ ಯಾವುದರಲ್ಲೂ ಸಿಡಿ ಕೇಳದೆ ಮೂಡುತ್ತದೆ, ಆ ಮಟ್ಟಿಗೆ ಯಾವುದನ್ನಾದರೂ ಆರಿಸಿಕೊಳ್ಳಿ.

ಆದರೆ ಡಿಸ್ಕು ಫಾರ್ಮ್ಯಾಟ್ ಮಾಡುವ ಮುಂಚೆ ಒಂದು ಕೆಲಸ ಮಾಡಿ. ಮನೆಯಲ್ಲಿ, ಊರಿನ ಸಂಘದಲ್ಲಿ, ಡಿಟಿಪಿ ಅಂಗಡಿಯಲ್ಲಿ ಹಳೆಯ ಫಾಂಟಿನ ಕಡತಗಳಿದ್ದರೆ ಈಗಲೇ ಯೂನಿಕೋಡ್‌ಗೆ ತಂದಿಡಿ. ಮೂಲ ಕಡತ ಮತ್ತು ಆ ಫಾಂಟು ಎರಡನ್ನೂ ಎಸೆಯಬೇಡಿ. ಬರೆದವರು ಇರುವಾಗಲೇ ಅವರ ಪಕ್ಕದಲ್ಲಿ ಕೂತು ಹೆಸರುಗಳನ್ನು ಸರಿನೋಡಿಕೊಳ್ಳಿ. ಅಂದಹಾಗೆ, ಅರ್ಕಾವೊತ್ತನ್ನು ಸರಿಯಾಗಿ ಕೂರಿಸುವ ಪರಿವರ್ತಕ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ದೊಡ್ಡಪ್ಪನ ಇನ್ನೊಂದು ಸಿಡಿ ಇದೆ.