ಕಿಂಡಿ ಶಸ್ತ್ರಚಿಕಿತ್ಸೆಯ ನಂತರ ಪುರುಷರ ಲೈಂಗಿಕ ಸಾಮರ್ಥ್ಯ

ಶಿಶ್ನದ ನಿಮಿರುವಿಕೆಗೆ ಕಾರಣವಾದ ನರಗಳು ಪ್ರಾಸ್ಟೇಟ್ ಗ್ರಂಥಿಯ ಎರಡೂ ಪಕ್ಕಕ್ಕೆ ಅಂಟಿಕೊಂಡು, ಗುದನಾಳದ ಮುಂದೆ ಹಾದುಹೋಗುತ್ತವೆ. ವೀರ್ಯಸ್ಖಲನದ ನರಗಳು ಬೆನ್ನುಮೂಳೆಯ ಮುಂದಿನಿಂದ ಕಿಬ್ಬೊಟ್ಟೆಗೆ ಇಳಿದು ಎರಡಾಗಿ ಕವಲೊಡೆಯುತ್ತವೆ. ಪ್ರಾಸ್ಟೇಟ್, ಗುದನಾಳ ಇವೆರಡರಲ್ಲಿ ಯಾವುದಕ್ಕೆ ಕ್ಯಾನ್ಸರ್ ಬಂದರೂ ಕತ್ತರಿ ಆಡಬೇಕಾದದ್ದು ಈ ನರಗಳ ಮಗ್ಗುಲಲ್ಲೇ.

1904ರಲ್ಲಿ ಹ್ಯೂ ಯಂಗ್ ಪ್ರಾಸ್ಟೇಟನ್ನು, 1908ರಲ್ಲಿ ಅರ್ನೆಸ್ಟ್ ಮೈಲ್ಸ್ ಗುದನಾಳವನ್ನು ಪೂರ್ತಿ ತೆಗೆಯುವ ಕ್ರಮ ರೂಪಿಸಿದರು. ಜೀವ ಉಳಿದರೆ ಸಾಕೆಂಬ ಕಾಲ ಅದು. ಪುರುಷತ್ವ ಹೋಗುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ತಿರುವು ಬಂದದ್ದು 1981ರಲ್ಲಿ. ಲೈಡನ್ನಿನಲ್ಲಿ ಪೀಟರ್ ಡೊಂಕರ್ ಮತ್ತು ಪ್ಯಾಟ್ರಿಕ್ ವಾಲ್ಶ್ ಸತ್ತು ಹುಟ್ಟಿದ ಶಿಶುವಿನ ದೇಹದಲ್ಲಿ ಆ ನರಗಳ ಜಾಡನ್ನು ಬಿಡಿಸಿ ನೋಡಿದರು. ಮರುವರ್ಷ ಏಪ್ರಿಲ್‌ನಲ್ಲಿ ವಾಲ್ಶ್ ಅವುಗಳನ್ನು ಉಳಿಸಿಯೇ ಪ್ರಾಸ್ಟೇಟ್ ತೆಗೆದರು. ಅದೇ 1982ರಲ್ಲಿ ಬಿಲ್ ಹೀಲ್ಡ್, ಗುದನಾಳವನ್ನು ಅದರ ಕೊಬ್ಬಿನ ಹೊದಿಕೆ ಹರಿಯದಂತೆ ಬಿಡಿಸುವ ವಿಧಾನ ವಿವರಿಸಿದರು; ನರಗಳು ಉಳಿಯಲು ಇದೂ ನೆರವಾಯಿತು. ಇವೆರಡೂ ಹೊಟ್ಟೆ ಕೊಯ್ದು ಮಾಡಿದ ಕೆಲಸಗಳು ಎಂಬುದನ್ನು ಕಿಂಡಿ ಶಸ್ತ್ರಚಿಕಿತ್ಸೆಯ ಈಗಿನ ಜಾಹೀರಾತುಗಳು ಮರೆಸುತ್ತವೆ.

ಹೊಟ್ಟೆಯಲ್ಲಿ ಮಾಡಿದ ಸಣ್ಣ ಕಿಂಡಿಗಳ ಮೂಲಕ (ಲ್ಯಾಪರೊಸ್ಕೋಪಿ) ಪ್ರಾಸ್ಟೇಟ್ ತೆಗೆಯುವ ಪ್ರಯತ್ನ 1991ರಲ್ಲಿ ಅಮೆರಿಕದಲ್ಲಿ ಆರಂಭವಾಗಿ, ದಶಕದ ಕೊನೆಗೆ ಪ್ಯಾರಿಸ್ಸಿನಲ್ಲಿ ಹದಕ್ಕೆ ಬಂತು. 2000ದ ನಂತರ, ಪುದುಚೇರಿಯ ಜಿಪ್ಮರ್‌ನಲ್ಲಿ ಓದಿದ ಮಣಿ ಮೆನನ್ ಡೆಟ್ರಾಯಿಟ್‌ನಲ್ಲಿ ರೋಬೋಟ್ ಬಳಕೆಯನ್ನು ಬೆಳೆಸಿದರು. ಕ್ಯಾಮೆರಾದಲ್ಲಿ ಹತ್ತು ಪಟ್ಟು ದೊಡ್ಡದಾಗಿ ಕಾಣುವ ನರ ತಾನಾಗಿ ಉಳಿಯುತ್ತದೆಂಬ ನಂಬಿಕೆ ಹಬ್ಬಿತು. ಪರೀಕ್ಷೆಗಳು ಅದನ್ನು ಒಪ್ಪಲಿಲ್ಲ. 2005ರ ಬ್ರಿಟಿಷ್ ಅಧ್ಯಯನದಲ್ಲಿ ಗುದನಾಳದ ಕಿಂಡಿ ಶಸ್ತ್ರಚಿಕಿತ್ಸೆ ಪಡೆದ ಪುರುಷರ ಲೈಂಗಿಕ ಸ್ಥಿತಿ, ಹೊಟ್ಟೆ ಕೊಯ್ಸಿಕೊಂಡವರದಕ್ಕಿಂತ ಕೆಳಗಿರುವಂತೆ ಕಂಡಿತು. ಕೈ ಪಳಗಿದ ಮೇಲೆ, 2014ರ ಯುರೋಪಿನ ಅಧ್ಯಯನದಲ್ಲಿ, ಎರಡೂ ಸಮಸಮ. 2016ರಲ್ಲಿ ಬ್ರಿಸ್ಬೇನ್‌ನಲ್ಲಿ 326 ಪ್ರಾಸ್ಟೇಟ್ ರೋಗಿಗಳನ್ನು ಹೋಲಿಸಿದಾಗಲೂ ರೋಬೋಟಿಗೆ ಈ ವಿಷಯದಲ್ಲಿ ಮೇಲುಗೈ ಸಿಗಲಿಲ್ಲ. ರಕ್ತನಷ್ಟ, ನೋವು, ಆಸ್ಪತ್ರೆವಾಸ ಕಡಿಮೆ, ನಿಜ. ಅದು ಬೇರೆ ಮಾತು.

ಉಳಿಸಿದ ನರವೂ ಎಳೆತ, ಬಿಸಿಗೆ ಮಂಕಾಗುತ್ತದೆ. ಚೇತರಿಕೆಗೆ ಎರಡು ವರ್ಷವೂ ಹಿಡಿಯಬಹುದು. 1998ರಲ್ಲಿ ಬಂದ ಸಿಲ್ಡೆನಾಫಿಲ್ ಮಾತ್ರೆ ನರ ಅಷ್ಟಿಷ್ಟಾದರೂ ಉಳಿದಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಹೃದಯಕ್ಕೆ ನೈಟ್ರೇಟ್ ನುಂಗುವವರಿಗೆ ಅದು ಅಪಾಯ. ಆಮೇಲೆ ಉಳಿಯುವುದು ನಿರ್ವಾತ ಪಂಪು, ಚುಚ್ಚುಮದ್ದು, ಒಳಗೆ ಕೂರಿಸುವ ಸಲಾಕೆ. ಪ್ರಾಸ್ಟೇಟ್ ಪೂರ್ತಿ ತೆಗೆದವರಲ್ಲಿ ಸುಖದ ಅನುಭವ ಉಳಿಯಬಹುದು, ವೀರ್ಯ ಮಾತ್ರ ಬರುವುದಿಲ್ಲ. ಮೊದಲೇ ತಿಳಿಸದಿದ್ದರೆ ರೋಗಿ ಅದನ್ನೂ ಸೋಲೆಂದೇ ಎಣಿಸುತ್ತಾನೆ.

ಕನ್ನಡದಲ್ಲಿ ಅನುಪಮಾ ನಿರಂಜನರ 'ದಾಂಪತ್ಯ ದೀಪಿಕೆ'ಯಂಥ ಪುಸ್ತಕಗಳು ಲೈಂಗಿಕತೆಯ ಸಂಕೋಚ ಮುರಿದವು. ಅರವತ್ತು ದಾಟಿ ಆಪರೇಷನ್ ಆದ ಗಂಡಸು, ಅವನ ಹೆಂಡತಿ ಆ ಮಾತಿನ ಹೊರಗೇ ಉಳಿದರು. ಭೀಮಸಮುದ್ರದಂಥ ಅಡಿಕೆ ಊರಿನಿಂದ ದಾವಣಗೆರೆಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗುವವರು ಎಷ್ಟು ಹೊಲಿಗೆ, ತೋಟಕ್ಕೆ ಹೋಗುವುದು ಯಾವಾಗ ಎಂದು ಕೇಳುತ್ತಾರೆ; ಇದೊಂದನ್ನು ಕೇಳಲು ನಾಚುತ್ತಾರೆ. ಆದ್ದರಿಂದ ಮೊದಲು ಕೇಳಬೇಕಾದವರು ವೈದ್ಯರೇ. 1990ರ ದಶಕದಿಂದ ಬಳಕೆಯಲ್ಲಿರುವ, ನಿಮಿರುವಿಕೆಯ ಸಾಮರ್ಥ್ಯ ಅಳೆಯುವ ಐದು ಪ್ರಶ್ನೆಗಳ ಪಟ್ಟಿಯನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮೊದಲೇ ತುಂಬಿಸಬೇಕು. ಮುಂಚಿನ ಸ್ಥಿತಿ ಬರೆದಿಡದೆ ಆಮೇಲೆ ಏನು ಹೋಯಿತು, ಏನು ಉಳಿಯಿತು ಎಂದು ಅಳೆಯಲಾಗದು.