ಪಾರುಪತ್ಯಗಾರನ ಕಡತ: ಲೂಕ 16ರ ನೂರು ಕೋರ್ ಗೋಧಿ ಬಡ್ಡಿಯೋ ಗೇಣಿಯೋ?

ಹೊಯ್ಸಳರ ಇತಿಹಾಸ ಓದಿದವರಿಗೆ ಜೆ. ಡಂಕನ್ ಎಂ. ಡೆರೆಟ್ ಅವರ ಹೆಸರು ಹೊಸದಲ್ಲ. 1957ರಲ್ಲಿ ಹೊರಬಂದ ‘ದಿ ಹೊಯ್ಸಳಾಸ್’ ಪುಸ್ತಕವನ್ನು ಟಿಪ್ಪಣಿ ಸಮೇತ ಓದಿ ಬೆಳೆದವರಲ್ಲಿ ನಾನೂ ಒಬ್ಬ. ಅದೇ ಡೆರೆಟ್ ನಾಲ್ಕು ವರ್ಷದ ಮೇಲೆ ‘ನ್ಯೂ ಟೆಸ್ಟಮೆಂಟ್ ಸ್ಟಡೀಸ್’ ಪತ್ರಿಕೆಯ 7ನೇ ಸಂಪುಟದಲ್ಲಿ ಲೂಕನ ಸುವಾರ್ತೆಯ ಅಪ್ರಾಮಾಣಿಕ ಪಾರುಪತ್ಯಗಾರನ ಸಾಮ್ಯದ ಬಗ್ಗೆ ಬರೆದ ಲೇಖನ ಕಣ್ಣಿಗೆ ಬಿದ್ದದ್ದು ಬಹಳ ತಡವಾಗಿ. ಬಿದ್ದಾಗ ಸಂತೋಷವಾಯಿತು. ಎರಡನೇ ಸಲ ಓದಿದಾಗ ಅನುಮಾನ ಹುಟ್ಟಿತು. ಈ ಲೇಖನ ಆ ಅನುಮಾನದ ವಿಸ್ತರಣೆ. ಡೆರೆಟ್ ಮೇಲಿನ ಗೌರವ ಇದರಿಂದ ಕಡಿಮೆಯಾಗಿಲ್ಲ. ಅವರನ್ನು ಮೂಲದಲ್ಲಿ ಓದದೆ ಅವರ ತೀರ್ಮಾನವನ್ನಷ್ಟೇ ಎತ್ತಿಕೊಂಡು, ‘ಮನೆವಾರ್ತೆ’ಯ, ಅಂದರೆ ದೇವರ ಸೊತ್ತಿನ ಪಾರುಪತ್ಯದ, ಭಾನುವಾರಗಳಂದು ಪ್ರಸಂಗ ಮಾಡುವವರ ಬಗ್ಗೆ ಅಷ್ಟೇ ಗೌರವ ಉಳಿದಿದೆ ಎನ್ನಲಾರೆ.

ಸಾಮ್ಯದಲ್ಲಿ ಕೆಲಸ ಕಳೆದುಕೊಳ್ಳಲಿರುವ ಪಾರುಪತ್ಯಗಾರ, ನಾಳೆ ಅವರ ಮನೆಗಳಲ್ಲಿ ಆಸರೆ ಸಿಗಲಿ ಎಂದು, ಯಜಮಾನನ ಸಾಲಗಾರರನ್ನು ಕರೆದು ಅವರ ಚೀಟಿಗಳ ಮೊತ್ತ ಇಳಿಸುತ್ತಾನೆ; ಯಜಮಾನ ಅವನನ್ನು ಹೊಗಳುತ್ತಾನೆ. ಡೆರೆಟ್ ಹೇಳಿದ್ದು ಇಷ್ಟು. ನೂರು ಬಾತ್ ಎಣ್ಣೆಯ ಚೀಟಿಯನ್ನು ಐವತ್ತಕ್ಕೂ, ನೂರು ಕೋರ್ ಗೋಧಿಯ ಚೀಟಿಯನ್ನು ಎಂಬತ್ತಕ್ಕೂ (ಬಾತ್, ಕೋರ್ ಎರಡೂ ಹೀಬ್ರೂ ಅಳತೆಗಳು) ಇಳಿಸಿದಾಗ ಪಾರುಪತ್ಯಗಾರ ಕದ್ದದ್ದು ಏನೂ ಇಲ್ಲ. ಧರ್ಮಶಾಸ್ತ್ರ ನಿಷೇಧಿಸಿದ ಬಡ್ಡಿಯನ್ನು ಹೊಡೆದುಹಾಕಿದ, ಅಷ್ಟೆ. ವಿಮೋಚನಕಾಂಡ 22, ಯಾಜಕಕಾಂಡ 25, ಧರ್ಮೋಪದೇಶಕಾಂಡ 23, ಈ ಮೂರೂ ಕಡೆ ಸ್ವಜನರಿಂದ ಬಡ್ಡಿ ಪಡೆಯಬಾರದೆಂಬ ವಿಧಿ ಇದೆ. ವಿಧಿ ಇದ್ದಲ್ಲಿ ಒಳದಾರಿಯೂ ಇರುತ್ತದೆ: ಚೀಟಿಯಲ್ಲಿ ಅಸಲು, ಬಡ್ಡಿ ಎಂದು ಬೇರೆ ಬೇರೆ ತೋರಿಸದೆ ಎರಡನ್ನೂ ಕೂಡಿಸಿ ಒಂದೇ ಮೊತ್ತ ಬರೆಸುವುದು. ಸಾಲಗಾರನ ಮನೆಯಲ್ಲಿ ದೀಪಕ್ಕಾಗುವಷ್ಟು ಎಣ್ಣೆ ಇದ್ದೇ ಇರುತ್ತದೆ, ಆದ್ದರಿಂದ ಇದು ಬಡ್ಡಿಸಾಲವೇ ಅಲ್ಲ ಎಂಬ ನೆಪವೂ ಇತ್ತು. ಪಾಪಕಾರ್ಯಕ್ಕೆ ಪ್ರತಿನಿಧಿತ್ವ ಸಲ್ಲದು ಎಂಬ ರಬ್ಬಿಗಳ ಸೂತ್ರದಂತೆ ದೋಷ ಯಜಮಾನನಿಗೆ ತಟ್ಟದು, ಲಾಭ ಮಾತ್ರ ಸೇರುತ್ತದೆ. ಕೆಲಸ ಹೋಗುವ ಹೊತ್ತಿಗೆ ಪಾರುಪತ್ಯಗಾರ ದೇವರ ವಿಧಿಯ ಕಡೆ ತಿರುಗಿದ; ಪುಣ್ಯ ತನ್ನ ಹೆಸರಿಗೇ ಜಮೆಯಾದ್ದರಿಂದ ಯಜಮಾನ ಅವನನ್ನು ಹೊಗಳಿದ. ಎಣ್ಣೆಗೆ ನೂರಕ್ಕೆ ನೂರು, ಗೋಧಿಗೆ ನೂರಕ್ಕೆ ಇಪ್ಪತ್ತೈದು. ದರ ಇಷ್ಟು ದುಬಾರಿಯೂ ಇಷ್ಟು ಬೇರೆಬೇರೆಯೂ ಆಗಿರಬಲ್ಲದು ಎನ್ನಲು ಅವರು ಭಾರತದ ರೂಢಿಯನ್ನೂ ನೆನೆದರು.

ಈ ಕೊನೆಯ ಮಾತಿನ ಹಿಂದೆ ಯಾಜ್ಞವಲ್ಕ್ಯ ಇದ್ದಾನೆಂಬುದು ನನ್ನ ಗುಮಾನಿ. ಡೆರೆಟ್ ಲಂಡನ್ನಿನಲ್ಲಿ ಪ್ರಾಚ್ಯ ಕಾನೂನುಗಳ ಪ್ರಾಧ್ಯಾಪಕರಾಗಿದ್ದವರು. ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ ಅವರಿಗೆ ಕರತಲಾಮಲಕ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಧಾನ್ಯದ ಸಾಲ ಮೂರು ಪಟ್ಟು, ಎಣ್ಣೆ ತುಪ್ಪದಂಥ ರಸದ್ರವ್ಯದ ಸಾಲ ಎಂಟು ಪಟ್ಟು ಬೆಳೆಯಬಹುದೆಂದಿದೆ. ಧಾನ್ಯಕ್ಕಿಂತ ಎಣ್ಣೆಗೆ ಹೆಚ್ಚು ಎಂಬ ಅನುಪಾತ ಲೂಕನ ಸಂಖ್ಯೆಗಳಿಗೆ ಹೊಂದಿದಂತೆ ಕಾಣುತ್ತದೆ ನಿಜ. ಆದರೆ ಅವು ಬಡ್ಡಿಯ ದರಗಳಲ್ಲ. ಎಷ್ಟೇ ವರ್ಷ ಬಾಕಿ ಉಳಿದರೂ ಸಾಲ ಇದಕ್ಕಿಂತ ಹೆಚ್ಚು ಬೆಳೆಯಕೂಡದು ಎಂಬ ಮಿತಿ. ಮಿತಿಯನ್ನು ದರವೆಂದು ಓದಲು ಡೆರೆಟ್ ಅಂಥವರಿಗೆ ಕಾರಣವಿರಲಿಲ್ಲ. ಅವರ ಹಿಂದೆ ಬಂದವರು ಹಾಗೆ ಓದಿದರೆ ತಡೆಯುವಂಥದ್ದೇನೂ ಲೇಖನದಲ್ಲಿಲ್ಲ. ಇನ್ನೊಂದು ಮಾತು. ನಮ್ಮ ದೇವಸ್ಥಾನದ ಶಾಸನಗಳಲ್ಲಿ ನಂದಾದೀವಿಗೆಗೆ ಹೊನ್ನು ಬಿಟ್ಟು, ಅದರ ಬಡ್ಡಿಯಿಂದ ಎಣ್ಣೆ ನಡೆಯಲಿ ಎಂದು ಕಲ್ಲಿನ ಮೇಲೇ ಕೊರೆಸುತ್ತಿದ್ದರು. ಬಡ್ಡಿಗೆ ನಾಚಿಕೆಯಿಲ್ಲದ ಊರಿನ ಸಾಕ್ಷ್ಯದಿಂದ, ಬಡ್ಡಿಯನ್ನು ಮುಚ್ಚಿಡಬೇಕಾದ ಊರಿನ ಕಡತ ಓದುವುದು ಹೇಗೆ?

ಇರಲಿ, ಭಾರತದ ಸಾದೃಶ್ಯ ಬಿದ್ದರೂ ವಾದ ಬೀಳುವುದಿಲ್ಲ. ಅದಕ್ಕೆ ಗಟ್ಟಿಯಾದ ಆಸರೆ ಮೃತ ಸಮುದ್ರದ ಬಳಿಯ ಮುರಬ್ಬಆತ್ ಗುಹೆಗಳಿಂದ ಬಂತು. ಬೆನ್ವಾ, ಮಿಲಿಕ್, ದ ವೋ ಸಂಪಾದಿಸಿದ ಆ ದಾಖಲೆಗಳ ಸಂಪುಟವೂ ಪ್ರಕಟವಾದದ್ದು 1961ರಲ್ಲೇ. ಅದರ 18ನೇ ದಾಖಲೆ ಅರಾಮಿಕ್ ಭಾಷೆಯ ಒಂದು ಸಾಲಪತ್ರ. ನೀರೋ ಆಳ್ವಿಕೆಯ ಎರಡನೇ ವರ್ಷ, ಅಂದರೆ ಕ್ರಿ.ಶ. 55–56. ಮೊತ್ತ 20 ಜೂಜ್ (ಹೆಚ್ಚುಕಡಿಮೆ ದೆನಾರಿಗೆ ಸಮನಾದ ಬೆಳ್ಳಿ ನಾಣ್ಯ). ಗಡುವಿನೊಳಗೆ ತೀರಿಸದಿದ್ದರೆ ಐದನೇ ಒಂದು ಪಾಲು ಸೇರಿಸಿ ಕೊಡುತ್ತೇನೆ, ಅದು ಸಾಲ ಬಿಡುಗಡೆಯ ಏಳನೇ ವರ್ಷವಾದರೂ ಸರಿ, ಎಂದು ಸಾಲಗಾರ ಒಪ್ಪಿಕೊಂಡಿದ್ದಾನೆ. 1964ರಲ್ಲಿ ಜೋಸೆಫ್ ಫಿಟ್ಜ್‌ಮೈಯರ್ ಈ ಸಾಮ್ಯದ ಬಗ್ಗೆ ಬರೆದಾಗ ಈ ಪತ್ರವನ್ನು ಎದುರಿಗಿಟ್ಟರು. ಯೇಸುವಿನ ಕಾಲಕ್ಕೆ ಹತ್ತಿರದ ಜುದೇಯದಲ್ಲಿ, ಯೆಹೂದ್ಯರ ನಡುವೆಯೇ, ಅಸಲಿನ ಮೇಲೆ ಹೆಚ್ಚುವರಿ! ಅಲ್ಲಿಂದ ಇದು ಡೆರೆಟ್ ಪಕ್ಷದ ಬ್ರಹ್ಮಾಸ್ತ್ರವಾಯಿತು.

ಪತ್ರದ ವಾಕ್ಯವನ್ನು ನಿಧಾನವಾಗಿ ಓದಬೇಕು. ಹೆಚ್ಚುವರಿ ಬರುವುದು ‘ತೀರಿಸದಿದ್ದರೆ’ ಎಂಬ ಷರತ್ತಿನ ಆಚೆ. ಗಡುವಿನೊಳಗೆ ಕೊಟ್ಟರೆ 20ಕ್ಕೆ 20. ಇದು ತಪ್ಪುದಂಡ. ಕಾಲ ಕಳೆದಂತೆ ಏರುವ ಬಡ್ಡಿ ಇದಲ್ಲ, ಮೊದಲ ದಿನವೇ ಅಸಲಿಗೆ ಬೆರೆಸಿದ ಬಡ್ಡಿಯಂತೂ ಅಲ್ಲವೇ ಅಲ್ಲ. ಐದನೇ ಒಂದು ಪಾಲಿಗೂ ಅದರದ್ದೇ ವಂಶಾವಳಿ ಇದೆ. ಯಾಜಕಕಾಂಡ 5 ಮತ್ತು 6ರಲ್ಲಿ ದೇವರ ಸೊತ್ತಿಗೆ ಅಥವಾ ನೆರೆಯವನ ಸೊತ್ತಿಗೆ ದ್ರೋಹ ಮಾಡಿದವನು ಹಿಂದಿರುಗಿಸುವಾಗ ಸೇರಿಸಬೇಕಾದದ್ದು ಇದೇ ಐದನೇ ಪಾಲು. ಪತ್ರ ಬರೆದ ಗುಮಾಸ್ತನ ಕಿವಿಯಲ್ಲಿ ಮೊಳಗುತ್ತಿದ್ದದ್ದು ಬಡ್ಡಿಯ ಪದಕೋಶವಲ್ಲ, ಪರಿಹಾರದ ಪದಕೋಶ. ಡೆರೆಟ್ ವಾದಕ್ಕೆ ಬೇಕಾದದ್ದು ಒಳಗೆ ಬಡ್ಡಿ ಅಡಗಿಸಿಕೊಂಡ ಚೀಟಿ. ಮುರಬ್ಬಆತ್ 18 ತನ್ನ ಹೆಚ್ಚುವರಿಯನ್ನು ಹಾಳೆಯ ಮೇಲೆ ಬಹಿರಂಗವಾಗಿ ಬರೆದುಕೊಂಡಿದೆ.

ಎದುರು ಪಕ್ಷಕ್ಕೆ ಇಲ್ಲೊಂದು ಬಾಣ ಉಳಿದಿದೆ, ಅದನ್ನು ನಾನೇ ಎತ್ತಿಕೊಡುತ್ತೇನೆ. ಐದನೇ ಪಾಲು ಎಂದರೆ ಯಾವುದರ ಐದನೇ ಪಾಲು? ತಾಲ್ಮೂದಿನ ಬಾವಾ ಮೆಟ್ಸಿಯಾ ಸಂಪುಟದ 53–54ನೇ ಪುಟಗಳಲ್ಲಿ ಇದೇ ಜಗಳ: ಅಸಲಿನ ಐದನೇ ಒಂದೋ, ಸೇರಿಸಿದ ಮೇಲಿನ ಮೊತ್ತದ ಐದನೇ ಒಂದೋ. ಎರಡನೆಯದಾದರೆ 80ರ ಮೇಲೆ ಬೀಳುವ ಐದನೇ ಪಾಲು ಸರಿಯಾಗಿ 20. ಒಟ್ಟು ನೂರು! ಲೂಕನ ಗೋಧಿ ಚೀಟಿ ಹುಬ್ಬೇರಿಸುವಂತೆ ಹೊಂದಿಕೊಳ್ಳುತ್ತದೆ. ಹೊಂದಿಕೆ ಇಷ್ಟು ಚೆನ್ನಾಗಿದ್ದಾಗಲೇ ಸಂಶೋಧಕ ಕೈಹಿಡಿದು ನಿಲ್ಲಬೇಕು. ಎಣ್ಣೆಯ ಚೀಟಿಗೆ ಈ ಲೆಕ್ಕ ಯಾವ ಕಡೆಯಿಂದ ಎಣಿಸಿದರೂ ಒಗ್ಗದು. ಅಲ್ಲಿ ಇಳಿದದ್ದು ಅರ್ಧ. ಎರಡು ಚೀಟಿಗಳಲ್ಲಿ ಒಂದನ್ನು ಮಾತ್ರ ತೆರೆಯುವ ಬೀಗದ ಕೈಯನ್ನು ಬೀಗದ ಕೈ ಎನ್ನುವುದು ಕಷ್ಟ.

ಯೋಆಖಿಮ್ ಯೆರೆಮಿಯಾಸ್ ಹಿಂದೆಯೇ ಒಂದು ಲೆಕ್ಕ ಹಾಕಿದ್ದರು: 50 ಬಾತ್ ಎಣ್ಣೆಯ ಬೆಲೆ, 20 ಕೋರ್ ಗೋಧಿಯ ಬೆಲೆ ಎರಡೂ ಸುಮಾರು 500 ದೆನಾರಿ. ಬೆಲೆಗಳು ಊರೂರಿಗೆ ವರ್ಷ ವರ್ಷಕ್ಕೆ ಬದಲಾಗುವುದರಿಂದ ಇದನ್ನು ಅಂದಾಜೆಂದೇ ಹಿಡಿಯಬೇಕು. ಆದರೂ ಅಂದಾಜಿನ ಮಟ್ಟಿಗೆ ಇದು ಸರಳ ಉತ್ತರ. ಪಾರುಪತ್ಯಗಾರ ಇಬ್ಬರಿಗೂ ಒಂದೇ ಬೆಲೆಯ ಉಪಕಾರ ಮಾಡಿದ. ನಾಳೆ ಇಬ್ಬರ ಮನೆಯಲ್ಲೂ ಒಂದೇ ಬಗೆಯ ಎಲೆ ಹಾಕಿಸಿಕೊಳ್ಳಬೇಕಲ್ಲ. ಬೇರೆ ಬೇರೆ ಬಡ್ಡಿದರ ಹುಡುಕುವ ತಾಪತ್ರಯವೇ ಬೇಡ.

ಇಲ್ಲಿ ಮೊತ್ತದ ಗಾತ್ರದ ಕಡೆ ತಿರುಗೋಣ. ವ್ಯಾಖ್ಯಾನಕಾರರು ಅಡಿಟಿಪ್ಪಣಿಯಲ್ಲಿ ಲೀಟರುಗಳನ್ನು ನಮೂದಿಸಿ ಮುಂದೆ ಹೋಗಿಬಿಡುತ್ತಾರೆ. ಸಾಕ್ಷಿ ಅಲ್ಲೇ ಕೂತಿದೆ. ಬಾತ್ ಅಳತೆಯ ಬಗ್ಗೆ ಒಮ್ಮತವಿಲ್ಲ: 22 ಲೀಟರಿನಿಂದ ಹಿಡಿದು, ಜೋಸೆಫಸನ ಲೆಕ್ಕದಂತೆ 39ರವರೆಗೆ. ಹತ್ತು ಬಾತ್‌ಗೆ ಒಂದು ಕೋರ್. (ನಮ್ಮ ಬಯಲುಸೀಮೆಯಲ್ಲಿ ‘ಕೋರಿಗೆ ಕೊಡುವುದು’ ಎಂದರೆ ಬೆಳೆ ಪಾಲಿಗೆ ಹೊಲ ಕೊಡುವುದು. ಹೀಬ್ರೂ ಕೋರ್‌ಗೂ ಇದಕ್ಕೂ ನಂಟಿಲ್ಲ. ಪದಸಾಮ್ಯ ಕಂಡಲ್ಲೆಲ್ಲ ವಂಶವೃಕ್ಷ ನೆಡುವ ನಮ್ಮ ಕೆಲವು ಮಿತ್ರರು ದಯವಿಟ್ಟು ಇದನ್ನು ಬಿಟ್ಟುಬಿಡಲಿ.) ಹಾಗಾದರೆ ನೂರು ಕೋರ್ ಗೋಧಿ ಎಂದರೆ ಹೆಚ್ಚುಕಡಿಮೆ 170ರಿಂದ 300 ಕ್ವಿಂಟಾಲ್. ತಲೆಗೆ ವರ್ಷಕ್ಕೆ 2 ಕ್ವಿಂಟಾಲ್ ಎಂದರೂ 85ರಿಂದ 150 ಜನರ ಒಂದು ವರ್ಷದ ಊಟ. ಮಳೆಗಾಲದ ಕೊರತೆಗೆ, ಬಿತ್ತನೆಗೆ, ಮಗಳ ಮದುವೆಗೆ ಯಾವ ಒಕ್ಕಲು ಇಷ್ಟು ಗೋಧಿ ಸಾಲ ತರುತ್ತಾನೆ? ಬಡ್ಡಿಯ ನಿಷೇಧ ಹುಟ್ಟಿದ್ದೇ ಹಸಿದವನ ಸಾಲವನ್ನು ಕಾಯಲು. ನೆರೆಮನೆಯವಳಿಗೆ ರೊಟ್ಟಿ ಕಡ ಕೊಡುವಾಗಲೂ ಬೆಲೆ ಕಟ್ಟಿಯೇ ಕೊಡಬೇಕು ಎಂಬ ಹಿಲ್ಲೇಲನ ಎಚ್ಚರಿಕೆ ನಿಂತಿರುವುದು ಆ ಅಳತೆಯಲ್ಲಿ. ಮುರಬ್ಬಆತ್ 18ರ 20 ಜೂಜ್ ಕೂಡ ಅದೇ ಅಳತೆಯದು. ನೂರು ಕೋರ್ ಗೋಧಿ, ಯೆರೆಮಿಯಾಸ್ ಬೆಲೆಯಲ್ಲೇ, 2,500 ದೆನಾರಿ.

ಇಷ್ಟು ಧಾನ್ಯ ಒಬ್ಬನ ಹೆಸರಿಗೆ ಬಾಕಿ ನಿಲ್ಲುವುದು ಗೇಣಿಯಲ್ಲಿ. ಕೆನೆತ್ ಬೇಲಿ 1976ರಲ್ಲೇ ಇದನ್ನು ಹೇಳಿದ್ದರು. ಆದರೆ ಅವರು ಇಪ್ಪತ್ತನೇ ಶತಮಾನದ ಅರಬ್ ಹಳ್ಳಿಗಳ ನಡವಳಿಕೆಯನ್ನು ಒಂದನೇ ಶತಮಾನಕ್ಕೆ ಹೊದಿಸಿದ್ದರಿಂದ, ಸರಿಯಾದ ತೀರ್ಮಾನಕ್ಕೆ ಸಲ್ಲಬೇಕಾದ ಗಮನ ಸಲ್ಲಲಿಲ್ಲ. ಬೇಲಿಯ ಹಳ್ಳಿಗಳನ್ನು ಬದಿಗಿಟ್ಟರೂ ದಾಖಲೆ ಸಿಗುತ್ತದೆ, ಅದೂ ಡೆರೆಟ್ ಪಕ್ಷ ನೆಚ್ಚಿದ ಸಂಪುಟದಲ್ಲೇ, ಕೆಲವೇ ಪುಟಗಳ ಮುಂದೆ. ಮುರಬ್ಬಆತ್ 24 ಬಾರ್ ಕೊಖ್ಬಾ ದಂಗೆಯ ಕಾಲದ ಗೇಣಿಪತ್ರಗಳ ಕಟ್ಟು. ಒಕ್ಕಲುಗಳು ಮುಂದಿನ ಏಳನೇ ವರ್ಷದವರೆಗೆ ಹೊಲ ಹಿಡಿದು, ವರ್ಷವರ್ಷ ಇಂತಿಷ್ಟು ಕೋರ್ ಒಳ್ಳೆಯ ಗೋಧಿ ಅಳೆದು ಕೊಡುವುದಾಗಿ ಬರೆದುಕೊಟ್ಟಿದ್ದಾರೆ. ಕೋರ್ ಲೆಕ್ಕದ ಗೋಧಿ, ಒಕ್ಕಲಿನ ಒಪ್ಪಿಗೆಯ ಬರಹ, ನಡುವೆ ಒಬ್ಬ ಆಡಳಿತಗಾರ. ಲೂಕನ ದೃಶ್ಯಕ್ಕೆ ಬೇಕಾದ ಸಾಮಾನೆಲ್ಲ ಇಲ್ಲಿದೆ. ಸಾಲಪತ್ರವನ್ನು ಎತ್ತಿಕೊಂಡ ಕೈಗಳು ಗೇಣಿಪತ್ರದ ಪುಟವನ್ನು ಏಕೆ ಮಗುಚಲಿಲ್ಲವೋ! ಅಲ್ಲಿನ ಗೇಣಿ ಬೆರಳೆಣಿಕೆಯ ಕೋರ್‌ಗಳದ್ದು ಎಂಬುದು ನನಗೆ ಅಡ್ಡಿಯಲ್ಲ, ಅನುಕೂಲ. ನೂರು ಕೋರ್ ಬಾಕಿ ಇರುವವನು ತುಂಡು ಹೊಲದ ಒಕ್ಕಲಲ್ಲ, ದೊಡ್ಡ ಗುತ್ತಿಗೆ ಹಿಡಿದು ಒಳಗೇಣಿಗೆ ಬಿಟ್ಟವನು. ಅಂಥವನ ಮನೆಯೇ ಕೆಲಸ ಕಳೆದುಕೊಂಡ ಪಾರುಪತ್ಯಗಾರನಿಗೆ ಅನ್ನ ಹಾಕಬಲ್ಲ ಮನೆ.

ಗೇಣಿ ಇಳಿಸುವುದಂತೂ ಆ ಲೋಕದ ದಿನಬಳಕೆ. ಮಿಷ್ನಾದ ಬಾವಾ ಮೆಟ್ಸಿಯಾ 9ನೇ ಅಧ್ಯಾಯದಂತೆ ಮಿಡತೆಯೋ ಕಾಡಿಗೆ ರೋಗವೋ ಸೀಮೆಗೆಲ್ಲ ತಗುಲಿದ್ದರೆ ಒಕ್ಕಲು ಗೇಣಿಯಲ್ಲಿ ಮುರಿದುಕೊಳ್ಳಬಹುದು. ಕಿರಿಯ ಪ್ಲಿನಿಯ ಒಂಬತ್ತನೇ ಸಂಪುಟದ 37ನೇ ಪತ್ರದಲ್ಲಿ, ಹಿಂದಿನ ಐದು ವರ್ಷ ದೊಡ್ಡ ದೊಡ್ಡ ಮಾಫಿ ಕೊಟ್ಟರೂ ಬಾಕಿ ಬೆಳೆದೇ ಬೆಳೆಯಿತೆಂಬ ಜಮೀನ್ದಾರನ ಗೊಣಗಾಟವಿದೆ. ಕೊನೆಗೆ ಬೇಸತ್ತು ಅವನು ನಗದು ಗೇಣಿ ಬಿಟ್ಟು ಪಾಲಿನ ಬೇಸಾಯಕ್ಕೆ ಹೊರಳುತ್ತಾನೆ. 1974ರ ಮುಂಚಿನ ಕರಾವಳಿಯ ಮೂಲಗೇಣಿ ಚಾಲಗೇಣಿಗಳನ್ನು ಕಂಡ ಹಿರಿಯರಿಗೆ ಇದರಲ್ಲಿ ವಿವರಿಸುವಂಥದ್ದು ಏನಿಲ್ಲ. ಮಾಫಿ ಘೋಷಿಸಿದ ಧಣಿಯ ಹೆಸರು ಊರಲ್ಲಿ ಮೇಲೇಳುತ್ತದೆ. ಒಮ್ಮೆ ಎದ್ದ ಹೆಸರನ್ನು ಮರುದಿನ ತಾನೇ ಕೆಡವುವ ಧಣಿ ಅಪರೂಪ. ಲೂಕನ ಯಜಮಾನ ಹೊಗಳಿದ್ದಕ್ಕೆ ಇಷ್ಟು ಸಾಕು, ಧರ್ಮಶಾಸ್ತ್ರದ ಪುಣ್ಯ ಅವನ ಖಾತೆಗೆ ಬೀಳಬೇಕಿಲ್ಲ.

ಪಠ್ಯದ ಎರಡು ಮಾತು. ಲೂಕ 7ರಲ್ಲಿ ಇಬ್ಬರು ಸಾಲಗಾರರ ಕಥೆ ಬಂದಾಗ ಸಾಲ ಕೊಟ್ಟವನನ್ನು ಲೂಕ ‘ದಾನೆಯ್ಸ್ಟೆಸ್’, ಸಾಹುಕಾರ, ಎಂದೇ ಕರೆಯುತ್ತಾನೆ. 16ರಲ್ಲಿ ಆ ಪದವಿಲ್ಲ. ಇರುವುದು ಧನಿಕ ಮತ್ತು ‘ಒಯ್ಕೊನೊಮೊಸ್’, ಪಾರುಪತ್ಯಗಾರ. ಸಾಲಗಾರರಿಗೆ ಎರಡೂ ಕಡೆ ಒಂದೇ ಪದ ಎಂಬುದನ್ನು ಮುಚ್ಚಿಡುವುದಿಲ್ಲ. ಆ ಪದ ಯಾವ ಬಾಕಿದಾರನಿಗಾದರೂ ಸಲ್ಲುತ್ತದೆ. ಇನ್ನು, ಪಾರುಪತ್ಯಗಾರ ಬಿಟ್ಟುಕೊಟ್ಟದ್ದು ತನ್ನ ದಲ್ಲಾಳಿಯ ಹಣವನ್ನು ಎಂಬ ಹಳೆಯ ವಾದ. 1903ರ ಸುಮಾರಿಗೆ ಮಾರ್ಗರೆಟ್ ಗಿಬ್ಸನ್ ಸೂಚಿಸಿದ್ದನ್ನು ಫಿಟ್ಜ್‌ಮೈಯರ್ ಬೆಳೆಸಿದರು. ಅವನು ಕೇಳುವ ಪ್ರಶ್ನೆಯನ್ನೇ ನೋಡಿ: ನನ್ನ ಯಜಮಾನನಿಗೆ ಎಷ್ಟು ಕೊಡಬೇಕು ಎಂದು. ನೂರಕ್ಕೆ ನೂರೂ ಯಜಮಾನನದ್ದು. ಫಿಟ್ಜ್‌ಮೈಯರ್ ಅಂಥ ಎಚ್ಚರದ ವಿದ್ವಾಂಸರು ಈ ಮಾತನ್ನು ದಾಟಿಹೋದದ್ದು ನನಗೆ ಇಂದಿಗೂ ಬಗೆಹರಿದಿಲ್ಲ. ಡೆರೆಟ್ ಮತ್ತು ಫಿಟ್ಜ್‌ಮೈಯರ್ ಇಬ್ಬರೂ, ತಮ್ಮ ತಮ್ಮ ದಾರಿಯಲ್ಲಿ, ಕಳ್ಳನ ಕೈ ತೊಳೆದರು. ಲೂಕನೋ ಹೊಗಳಿಕೆಯ ವಾಕ್ಯದಲ್ಲೇ ಅವನಿಗೆ ‘ಅದಿಕಿಯಾ’, ಅನ್ಯಾಯ, ಎಂಬ ಪಟ್ಟಿ ಕಟ್ಟಿ ಬಿಟ್ಟಿದ್ದಾನೆ. 1989ರಲ್ಲಿ ಜಾನ್ ಕ್ಲೊಪ್ಪೆನ್‌ಬೋರ್ಗ್ ಬಡ್ಡಿವಾದವನ್ನು ಬಿಚ್ಚಿಹಾಕಿದ ಮೇಲೂ ಅದು ಪ್ರಸಂಗಪೀಠದಲ್ಲಿ ಉಳಿದಿರುವುದು ಸಾಕ್ಷ್ಯದ ಬಲದಿಂದಲ್ಲ. ಮೇಲ್ವಿಚಾರಕ ಪ್ರಾಮಾಣಿಕನಾಗಿರಲಿ ಎಂಬ ನಮ್ಮ ಆಸೆಯ ಬಲದಿಂದ.

ಕನ್ನಡದಲ್ಲಿ ಆ ಆಸೆಗೆ, ಒಯ್ಕೊನೊಮೊಸ್‌ನ ಕೆಲಸಕ್ಕೆ ಬಳಸುವ ‘ಮನೆವಾರ್ತೆ’ ಎಂಬ ಪದವೂ ಒತ್ತಾಸೆಯಾಗಿದೆ. ಗ್ರೀಕ್ ಮೂಲದಲ್ಲಿ ‘ಒಯ್ಕೊಸ್’ ಎಂದರೆ ಮನೆ, ಒಪ್ಪಿದೆ. ಆದರೆ ಮನೆವಾರ್ತೆ ಎಂದೊಡನೆ ಕಣ್ಣಿಗೆ ಬರುವುದು ಉಗ್ರಾಣದ ಬೀಗದ ಕೈ, ಅಕ್ಕಿ ಬೇಳೆಯ ಲೆಕ್ಕ. ಟಾಲೆಮಿಗಳ ಈಜಿಪ್ಟಿನಲ್ಲಿ ಒಯ್ಕೊನೊಮೊಸ್ ಎಂದರೆ ಸೀಮೆಯ ಕಂದಾಯ ನೋಡಿಕೊಳ್ಳುವ ಅಧಿಕಾರಿ. ‘ಪಾರುಪತ್ಯಗಾರ’ ಎಂದು ನೋಡಿ: ಚಾವಡಿ, ಕಡತ, ಬಾಕಿಯ ಪಟ್ಟಿ, ಬಾಗಿಲಲ್ಲಿ ಕಾಯುವ ಒಕ್ಕಲು, ಕೈಬೆಚ್ಚಗೆ, ಎಲ್ಲ ಒಟ್ಟಿಗೆ ಎದ್ದು ಬರುತ್ತವೆ.

ನನ್ನ ವಾದದ ಸಡಿಲ ಕೀಲೂ ಇದೆ, ಅದು ಎಣ್ಣೆಯದು. ಗೋಧಿಯ ಗೇಣಿಗೆ ಮುರಬ್ಬಆತ್ 24 ಇದೆ. ನೂರು ಬಾತ್ ಎಣ್ಣೆಯ ಗೇಣಿಗೆ ಅದೇ ಗುಹೆಯಿಂದ ನಾನು ಪತ್ರ ತೋರಿಸಲಾರೆ. ಮೊದಲ ಬಾಕಿದಾರ ಒಕ್ಕಲಾಗಿರದೆ ಎಣ್ಣೆ ಎತ್ತಿಕೊಂಡು ಹೋಗಿ ಮಾರುವ ಸಗಟು ವ್ಯಾಪಾರಿಯಾಗಿದ್ದಿರಬಹುದು. ಹಾಗಿದ್ದರೆ ಅವನ ಚೀಟಿ ಗೇಣಿಯದಲ್ಲ, ಮಾಲಿನ ಬಾಕಿಯದು. ಬಡ್ಡಿಯದಂತೂ ಆಗಲೂ ಅಲ್ಲ.